ಗುಂಡು ಹಾರದ ರಾತ್ರಿ: ವೆಮೊರ್ಕ್ ಭಾರಜಲ ಕಾರ್ಯಾಚರಣೆಯೂ ಅದರ ಮೇಲೆ ಬಂದ ಸಿನಿಮಾವೂ

1943ರ ಫೆಬ್ರವರಿ 28. ನಡುರಾತ್ರಿ ಕಳೆದು ಒಂದು ಗಂಟೆ. ಜರ್ಮನರ ವಶದಲ್ಲಿದ್ದ ನಾರ್ವೆಯ ವೆಮೊರ್ಕ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಹದಿನೆಂಟು ಉಕ್ಕಿನ ಕೋಶಗಳಿಗೆ ಸ್ಫೋಟಕ ಕಟ್ಟಿ ಮುಗಿದಿದೆ. ಬತ್ತಿಗೆ ಕಡ್ಡಿ ಗೀರುವುದೊಂದೇ ಬಾಕಿ. ಪಿಸ್ತೂಲಿನ ಎದುರು ಕೈಯೆತ್ತಿ ನಿಂತಿದ್ದ ನಾರ್ವೆಯವನೇ ಆದ ರಾತ್ರಿ ಕಾವಲುಗಾರ ಆಗ ತನ್ನ ಕನ್ನಡಕ ಕೇಳಿದ. ಯುದ್ಧಕಾಲ, ಹೊಸ ಕನ್ನಡಕ ಸಿಗುವ ಮಾತೇ ಇಲ್ಲ. ತಂಡದ ನಾಯಕ ಕೈಯಲ್ಲಿದ್ದ ಕೆಲಸ ಬಿಟ್ಟು ಮೇಜಿನ ಮೇಲೆ ತಡಕಾಡಿ ಕನ್ನಡಕದ ಡಬ್ಬಿ ಹುಡುಕಿಕೊಟ್ಟ. ಮತ್ತೆ ಕಡ್ಡಿ ಗೀರಲು ಬಗ್ಗಿದರೆ, ಕಾವಲುಗಾರನದು ಅದೇ ರಾಗ: ಡಬ್ಬಿ ಖಾಲಿ ಇದೆ, ಒಳಗೆ ಕನ್ನಡಕ ಇಲ್ಲ. ಮತ್ತೆ ಹುಡುಕಾಟ. ಕೊನೆಗೂ ಸಿಕ್ಕಿತು.

ಚಿತ್ರಕತೆಗಾರನೊಬ್ಬ ಇದನ್ನು ಕಲ್ಪಿಸಿ ಬರೆದಿದ್ದರೆ ನಿರ್ಮಾಪಕ ಹೊಡೆದುಹಾಕುತ್ತಿದ್ದ. ಜರ್ಮನಿಯ ಪರಮಾಣು ಯೋಜನೆಯ ಕುತ್ತಿಗೆ ಹಿಸುಕಲು ಬಂದವರು ಕನ್ನಡಕ ಹುಡುಕುತ್ತ ನಿಲ್ಲುವುದುಂಟೇ! ಆದರೆ ಈ ಪ್ರಕರಣದ ಸ್ವಭಾವವೇ ಹಾಗೆ. ಒಳಗೆ ಹೋದವರೂ ಹೊರಗೆ ಕಾದವರೂ ಸೇರಿ ಒಂಬತ್ತು ಜನ. ಒಂದು ಗುಂಡೂ ಹಾರಲಿಲ್ಲ, ಒಬ್ಬರೂ ಸಾಯಲಿಲ್ಲ. ಸದ್ದಿಲ್ಲದೆ ನಡೆದದ್ದಕ್ಕೇ ಅದು ಗೆದ್ದಿತು. ಇಂಥ ಘಟನೆಯನ್ನು 1965ರಲ್ಲಿ ದೊಡ್ಡ ಪರದೆಯ ಸಾಹಸಚಿತ್ರ ಮಾಡಲು ಹೊರಟವರಿಗೆ ಎದುರಾದ ತೊಡಕೂ ಅದೇ: ಸದ್ದಿಲ್ಲದ ಕೆಲಸವನ್ನು ಸದ್ದಿನ ಸಿನಿಮಾ ಮಾಡುವುದು ಹೇಗೆ?

ಆ ಚಿತ್ರ ‘ದಿ ಹೀರೋಸ್ ಆಫ್ ಟೆಲಿಮಾರ್ಕ್’. ನಿರ್ದೇಶಕ ಆಂಥೊನಿ ಮಾನ್. ಕರ್ಕ್ ಡಗ್ಲಸ್ ಇದರಲ್ಲಿ ರೋಲ್ಫ್ ಪೆಡರ್ಸನ್ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕ, ರಿಚರ್ಡ್ ಹ್ಯಾರಿಸ್ ಪ್ರತಿರೋಧ ಪಡೆಯ ಕ್ನೂಟ್ ಸ್ಟ್ರೌಡ್. ಪೆಡರ್ಸನ್ ಎಂಬ ಮನುಷ್ಯ ಇತಿಹಾಸದಲ್ಲಿ ಇಲ್ಲ. ಸ್ಟ್ರೌಡ್ ಪಾತ್ರದ ಹಿಂದಿರುವುದು ನಿಜವಾದ ಕ್ನೂಟ್ ಹೌಕೆಲಿಡ್. ಅವರ ನೆನಪಿನ ಪುಸ್ತಕ ಚಿತ್ರದ ಆಧಾರಗಳಲ್ಲೊಂದು. ಹೊರಾಂಗಣದ ಬಹುಭಾಗವನ್ನು ನಾರ್ವೆಯಲ್ಲೇ, ಘಟನೆ ನಡೆದ ರ್ಯುಕಾನ್ ಕಣಿವೆಯಲ್ಲೇ, ಚಳಿಗಾಲದಲ್ಲೇ ತೆಗೆದರು. ಇಂದಿಗೂ ಆ ಚಿತ್ರದಲ್ಲಿ ಸವಕಲಾಗದೆ ಉಳಿದಿರುವುದು ಆ ಹಿಮ, ಆ ಬಂಡೆ, ಆ ಕಟ್ಟಡ.

ಮೊದಲು ಕಾರ್ಖಾನೆಯ ವಿಷಯ. ರ್ಯುಕಾನ್ ಪಟ್ಟಣ ಎಷ್ಟು ಆಳದ ಕಣಿವೆಯಲ್ಲಿದೆ ಎಂದರೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಊರವರಿಗೆ ಚಳಿಗಾಲದಲ್ಲಿ ಸೂರ್ಯನ ಮುಖ ಕಾಣಿಸಲೆಂದೇ ನೊಶ್ಕ್ ಹೈಡ್ರೊ ಕಂಪನಿ 1928ರಲ್ಲಿ ಬೆಟ್ಟದ ಮೇಲಕ್ಕೆ ಕೇಬಲ್ ಕಾರ್ ಹಾಕಿಸಿತು. (ಈ ಕೇಬಲ್ ಕಾರ್ ಮುಂದೆ ಕತೆಯೊಳಗೆ ಬರುತ್ತದೆ.) ಅದೇ ಕಂಪನಿಯ ವೆಮೊರ್ಕ್ ಜಲವಿದ್ಯುತ್ ಕೇಂದ್ರ 1911ರಲ್ಲಿ ಶುರುವಾದಾಗ ಜಗತ್ತಿನಲ್ಲೇ ದೊಡ್ಡದು. ಅಗ್ಗದ ಕರೆಂಟು ಕೈಯಲ್ಲಿದ್ದುದರಿಂದ ಅದರ ಮುಂದೆಯೇ ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆಯುವ ಕಟ್ಟಡ ಎದ್ದಿತು. ಹೈಡ್ರೋಜನ್ ಬೇಕಾಗಿದ್ದುದು ಅಮೋನಿಯಾಕ್ಕೆ, ಅಂದರೆ ಗೊಬ್ಬರಕ್ಕೆ. ಭಾರಜಲ ಅಲ್ಲಿನ ಉಪ ಉತ್ಪನ್ನ ಮಾತ್ರ.

ಮಾಮೂಲಿ ನೀರಿನಲ್ಲಿ ಹೆಚ್ಚುಕಡಿಮೆ 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದು ಡ್ಯುಟೀರಿಯಂ. ವಿದ್ಯುತ್ ಹಾಯಿಸಿದಾಗ ಹಗುರ ಹೈಡ್ರೋಜನ್ ಬೇಗ ಅನಿಲವಾಗಿ ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಹಾಲನ್ನು ಕುದಿಸಿ ಕುದಿಸಿ ಖೋವಾ ಮಾಡಿದಂತೆ, ಉಳಿದದ್ದನ್ನು ಮುಂದಿನ ಹಂತಕ್ಕೆ ದಾಟಿಸುತ್ತ ಹೋಗಬೇಕು. ಟನ್ನುಗಟ್ಟಲೆ ನೀರು, ಅಳತೆ ಮೀರಿದ ಕರೆಂಟು, ತಿಂಗಳುಗಟ್ಟಲೆ ಸಮಯ ಸುರಿದರೆ ಕೊನೆಯ ಕೋಶಗಳಲ್ಲಿ ಕೆಲವೇ ಕಿಲೋ ಶುದ್ಧ ಭಾರಜಲ. ಮಾಮೂಲಿ ನೀರಿಗಿಂತ ಶೇ. 11ರಷ್ಟು ತೂಕ ಹೆಚ್ಚು, 3.8 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ನೋಡಲು ಮಾತ್ರ ಬರೀ ನೀರು. ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸಲು ಇದು ಬೇಕು. ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರದ ರಿಯಾಕ್ಟರುಗಳು ಓಡುವುದೂ ಭಾರಜಲದಿಂದಲೇ. ಗ್ರಾಫೈಟಿನಿಂದಲೂ ಈ ಕೆಲಸ ಆಗುತ್ತದೆ. ಆದರೆ ಜರ್ಮನ್ ವಿಜ್ಞಾನಿಗಳು ಅಳೆದು ನೋಡಿದ ಗ್ರಾಫೈಟ್ ಸಾಕಷ್ಟು ಶುದ್ಧವಾಗಿರಲಿಲ್ಲ, ಹಾಗಾಗಿ ಆ ದಾರಿ ಬಿಟ್ಟರು. ಉಳಿದದ್ದು ಭಾರಜಲ, ಯುರೋಪಿನಲ್ಲಿ ಅದನ್ನು ದೊಡ್ಡ ಮಟ್ಟದಲ್ಲಿ ಮಾಡುತ್ತಿದ್ದುದು ವೆಮೊರ್ಕ್ ಒಂದೇ.

ಸಿನಿಮಾ ಇದನ್ನು ಪ್ರಾಧ್ಯಾಪಕನ ಬಾಯಿಂದ ಎರಡು ಮಾತಲ್ಲಿ ಮುಗಿಸುತ್ತದೆ. ಅದನ್ನು ತಪ್ಪೆನ್ನಲಾಗದು. ಆದರೆ ಹಾಗೆ ಮುಗಿಸಿದಾಗ ವಿಧ್ವಂಸದ ಲೆಕ್ಕಾಚಾರವೇ ನೋಡುಗನ ಕೈತಪ್ಪುತ್ತದೆ. ಇಡೀ ಕಾರ್ಖಾನೆ ಒಡೆಯುವ ಅಗತ್ಯ ಇರಲಿಲ್ಲ, ವಿದ್ಯುತ್ ಕೇಂದ್ರ ಮುಟ್ಟಬೇಕಾಗಿರಲಿಲ್ಲ. ಏಳೆಂಟು ಮಹಡಿಯ ಆ ಕಾಂಕ್ರೀಟ್ ಬೆಟ್ಟದಲ್ಲಿ ಬೇಕಾಗಿದ್ದುದು ನೆಲಮಾಳಿಗೆಯ ಒಂದು ಕೋಣೆ, ಅದರೊಳಗೆ ಸಾಲಿಗೆ ಒಂಬತ್ತರಂತೆ ಎರಡು ಸಾಲು ಕೋಶಗಳು. ಒಂದೊಂದೂ ಸುಮಾರು 1.3 ಮೀಟರ್ ಎತ್ತರ, 25 ಸೆಂಟಿಮೀಟರ್ ಅಡ್ಡಳತೆಯ ಸ್ಟೇನ್‌ಲೆಸ್ ಉಕ್ಕಿನ ಕಂಬ. ತಳ ಒಡೆದರೆ ತಿಂಗಳುಗಳ ದುಡಿಮೆ ಮೋರಿಯಲ್ಲಿ ಹರಿದುಹೋಗುತ್ತದೆ.

ಇಷ್ಟು ಕರಾರುವಾಕ್ಕಾಗಿ ಗುರಿ ಹಿಡಿಯಲು ಸಾಧ್ಯವಾದದ್ದು ಆ ಘಟಕವನ್ನು ಕಟ್ಟಿದವರೇ ಲಂಡನ್ನಿನಲ್ಲಿದ್ದುದರಿಂದ. ಪ್ರೊಫೆಸರ್ ಲೈಫ್ ಟ್ರೋನ್‌ಸ್ಟಾಡ್ ಮತ್ತು ಎಂಜಿನಿಯರ್ ಯೂಮಾರ್ ಬ್ರೂನ್ ಸೇರಿ ವೆಮೊರ್ಕಿನ ಭಾರಜಲ ಘಟಕ ವಿನ್ಯಾಸ ಮಾಡಿದ್ದರು. ಟ್ರೋನ್‌ಸ್ಟಾಡ್ ಮೊದಲೇ ಬ್ರಿಟನ್ನಿಗೆ ದಾಟಿ, ದೇಶ ಬಿಟ್ಟು ಅಲ್ಲಿ ನೆಲೆಸಿದ್ದ ನಾರ್ವೆ ಸರ್ಕಾರದ ಪರವಾಗಿ ಕಾರ್ಯಾಚರಣೆಗಳ ಹೊಣೆ ಹೊತ್ತಿದ್ದರು. ಬ್ರೂನ್ 1942ರ ಶರತ್ಕಾಲದವರೆಗೆ ಒಳಗೇ ಇದ್ದು, ವಿದ್ಯುದ್ವಿಭಜನೆಯ ದ್ರಾವಣಕ್ಕೆ ಹರಳೆಣ್ಣೆ ಬೆರೆಸಿ ನೊರೆ ಬರಿಸಿ ಉತ್ಪಾದನೆ ಕುಂಠಿತಗೊಳಿಸುತ್ತಿದ್ದರು. ಅದೇ ಹೊತ್ತಿಗೆ ಇನ್ನು ಕೆಲವು ನೌಕರರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಮೀನೆಣ್ಣೆ ಹಾಕುತ್ತಿದ್ದರಂತೆ. ಕೊನೆಗೆ ಬ್ರೂನ್ ನಕ್ಷೆಗಳ ಸಮೇತ ಸ್ವೀಡನ್ ಮಾರ್ಗವಾಗಿ ಲಂಡನ್ ಸೇರಿದರು. ಬಾಗಿಲು ಮುಚ್ಚಿದ್ದರೆ ಕೇಬಲ್ ಹಾಯುವ ಸುರಂಗದಿಂದ ತೆವಳಬಹುದು ಎಂಬ ಸುಳಿವೂ ಅವರದೇ. ಇಂಗ್ಲೆಂಡಿನ ತರಬೇತಿ ಕೇಂದ್ರದಲ್ಲಿ ಮರದಲ್ಲಿ ಕೋಶಗಳ ಅಣಕು ಕೋಣೆ ಕಟ್ಟಿ, ಕಣ್ಣು ಮುಚ್ಚಿದರೂ ಕೈ ತಪ್ಪದಷ್ಟು ಸಲ ಕತ್ತಲಲ್ಲಿ ಸ್ಫೋಟಕ ಅಂಟಿಸುವುದನ್ನು ಕಲಿಸಿದರು. ತಂಡದಲ್ಲಿ ಒಬ್ಬನೂ ಅದಕ್ಕೆ ಮುಂಚೆ ಆ ಕಟ್ಟಡದ ಒಳಗೆ ಕಾಲಿಟ್ಟವನಲ್ಲ.

ಸುದ್ದಿ ತರುವ ಇನ್ನೊಂದು ದಾರಿ ಐನಾರ್ ಶಿನ್ನಾರ್‌ಲಾಂಡ್. ಸ್ಥಳೀಯ, ಮೊಸ್‌ವಾಟ್ನ್ ಅಣೆಕಟ್ಟಿನ ಕಡೆಯವನು. 1942ರ ಮಾರ್ಚಿನಲ್ಲಿ ಗಾಲ್ಟೆಸುಂಡ್ ಎಂಬ ಕರಾವಳಿ ಹಡಗನ್ನು ಕೆಲವರು ಅಪಹರಿಸಿ ಸ್ಕಾಟ್ಲೆಂಡಿನ ಅಬರ್ಡೀನಿಗೆ ಒಯ್ದಾಗ ಆತನೂ ಅದರಲ್ಲಿದ್ದ. ಬ್ರಿಟಿಷರು ಹತ್ತು ಹನ್ನೆರಡು ದಿನದಲ್ಲಿ ಅವನಿಗೆ ತರಬೇತಿ ಕೊಟ್ಟು ಪ್ಯಾರಾಚೂಟಿನಲ್ಲಿ ಮರಳಿ ಇಳಿಸಿದರು. ರಜೆ ಮುಗಿಸಿ ಬಂದವನಂತೆ ಆತ ಕೆಲಸಕ್ಕೆ ಹಾಜರಾದ! ಹಡಗಿನ ಅಪಹರಣ ಸಿನಿಮಾದಲ್ಲಿ ಇದೆ, ಆದರೆ ನಾಯಕರ ಪಾಲಿಗೆ ಬಂದಿದೆ. ಬಿಡಿಬಿಡಿಯಾಗಿ ಹತ್ತಾರು ಜನ ಮಾಡಿದ್ದನ್ನು ಇಬ್ಬರ ತಲೆಗೆ ಕಟ್ಟುವುದು ಇಂಥ ಚಿತ್ರಗಳ ಹಳೆಯ ಚಾಳಿ. ಮೂರು ತಾಸಿನೊಳಗೆ ಕತೆ ಮುಗಿಸಲು ಬೇರೆ ಹಾದಿಯೂ ಇಲ್ಲ ಬಿಡಿ.

ಮೊದಲ ಪ್ರಯತ್ನ ಸೋತಿತು, ಘೋರವಾಗಿ ಸೋತಿತು. 1942ರ ಅಕ್ಟೋಬರ್ 18ರ ರಾತ್ರಿ ಮುಂಗಡ ತಂಡವಾಗಿ ನಾಲ್ವರು ನಾರ್ವೆಯವರು ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಯ ಕಡೆ ಇಳಿದರು: ಯೆನ್ಸ್-ಆಂಟನ್ ಪೌಲ್ಸನ್, ಕ್ಲಾಸ್ ಹೆಲ್ಬರ್ಗ್, ಆರ್ನೆ ಶೆಲ್‌ಸ್ಟ್ರುಪ್, ಮತ್ತು ವೈರ್‌ಲೆಸ್ ನಿರ್ವಾಹಕ ಕ್ನೂಟ್ ಹೌಗ್‌ಲಾಂಡ್. (ಐದು ವರ್ಷದ ಮೇಲೆ ಇದೇ ಹೌಗ್‌ಲಾಂಡ್ ‘ಕೋನ್-ಟಿಕಿ’ ತೆಪ್ಪದಲ್ಲಿ ಪೆಸಿಫಿಕ್ ದಾಟಿದ.) ಇಳಿದದ್ದು ಗುರಿಯಿಂದ ಬಲು ದೂರ. ಸಾಮಾನು ಒಂದೇ ಸಲಕ್ಕೆ ಹೊರಲಾಗದು. ಒಂದು ಹೊರೆ ಮುಂದೆ ಇಟ್ಟು, ಬರಿಗೈಲಿ ಹಿಂದಿರುಗಿ, ಎರಡನೆಯದನ್ನು ಹೊತ್ತು ತರಬೇಕು. ಹೀಗೆ ಒಂದು ಕಿಲೋಮೀಟರಿಗೆ ಮೂರು ಕಿಲೋಮೀಟರ್ ನಡಿಗೆ. ಠಾವು ಸೇರಲು ಎರಡು ವಾರದ ಮೇಲೆ ಹಿಡಿಯಿತು. ನವೆಂಬರ್ ಎರಡನೇ ವಾರ ಲಂಡನ್ನಿಗೆ ಸಂಪರ್ಕ ಸಿಕ್ಕಾಗ ಅತ್ತ ಕಡೆಯವರಿಗೆ ಅನುಮಾನ, ಜರ್ಮನರ ಕೈಗೆ ಸಿಕ್ಕಿಬಿದ್ದವರೇ ಕೀಲಿ ಒತ್ತುತ್ತಿರಬಹುದೆಂದು. ಮೊದಲೇ ಗೊತ್ತು ಮಾಡಿಕೊಂಡ ಪ್ರಶ್ನೆ ಹೋಯಿತು: ಬೆಳಗ್ಗೆ ಏನು ಕಂಡಿರಿ? ಉತ್ತರ: ಮೂರು ಗುಲಾಬಿ ಆನೆಗಳು.

ನವೆಂಬರ್ 19ರಂದು ಬ್ರಿಟಿಷ್ ಸೈನಿಕ ಎಂಜಿನಿಯರುಗಳನ್ನು ಹೊತ್ತ ಎರಡು ಹೋರ್ಸಾ ಗ್ಲೈಡರುಗಳು (ಎಂಜಿನ್ ಇಲ್ಲದ ವಿಮಾನಗಳು) ಸ್ಕಾಟ್ಲೆಂಡಿನಿಂದ ಹೊರಟವು, ಒಂದೊಂದನ್ನು ಒಂದು ಹ್ಯಾಲಿಫ್ಯಾಕ್ಸ್ ವಿಮಾನ ಎಳೆಯುತ್ತ. ಮೋಡ, ಹಗ್ಗದ ಮೇಲೆ ಹಿಮ, ನೆಲದಿಂದ ಬರುವ ರೇಡಿಯೋ ಸಂಕೇತ ಹಿಡಿಯುವ ಯಂತ್ರದ ಕೈಕೊಡುವಿಕೆ ಎಲ್ಲವೂ ಒಟ್ಟಿಗೆ ಬಂದವು. ಎರಡೂ ಗ್ಲೈಡರು ಬಿದ್ದವು, ಒಂದು ಹ್ಯಾಲಿಫ್ಯಾಕ್ಸ್ ಬೆಟ್ಟಕ್ಕೆ ಬಡಿಯಿತು. ಬದುಕುಳಿದವರನ್ನು ಜರ್ಮನರು ಕೊಂದರು. ಒಟ್ಟು 41 ಜೀವ. ಕಮಾಂಡೊಗಳು ಸಿಕ್ಕರೆ ಸೆರೆ ಹಿಡಿಯದೆ ಕೊಲ್ಲಬೇಕೆಂಬ ಹಿಟ್ಲರನ ಆದೇಶ ಹೊರಟದ್ದು ಅಕ್ಟೋಬರ್ 18ರಂದು, ಆ ನಾಲ್ವರು ಇಳಿದ ದಿನವೇ. ಅವಶೇಷದಲ್ಲಿ ಸಿಕ್ಕ ನಕ್ಷೆಯಲ್ಲಿ ವೆಮೊರ್ಕಿಗೆ ಗುರುತು ಹಾಕಿತ್ತು. ಗುರಿ ಯಾವುದೆಂದು ಜರ್ಮನರಿಗೆ ತಿಳಿಯಿತು. ಕಾವಲು ಹೆಚ್ಚಿತು, ಕಾರ್ಖಾನೆಯ ಮೇಲ್ಗಡೆ ಇಳಿಜಾರಿಗೆ ನೆಲಬಾಂಬು ಬಂದವು.

ಆ ನಾಲ್ವರು ಬೆಟ್ಟದ ಮೇಲೆ ಚಳಿಗಾಲ ಪೂರ್ತಿ ಕಾದರು. ಕಲ್ಲುಹೂವಿನಂಥ ಹಿಮಸಾರಂಗದ ಪಾಚಿ ಕಿತ್ತು ಬೇಯಿಸಿ ತಿಂದರು. ಕ್ರಿಸ್‌ಮಸ್‌ಗೆ ತುಸು ಮೊದಲು ಪೌಲ್ಸನ್‌ಗೆ ಒಂದು ಹಿಮಸಾರಂಗ ಸಿಕ್ಕಿತು. ಮಾಂಸದ ಜೊತೆ ಅದರ ಹೊಟ್ಟೆಯಲ್ಲಿದ್ದ ಅರೆಜೀರ್ಣ ಪಾಚಿಯನ್ನೂ ತಿಂದರು. ತರಕಾರಿ ಇಲ್ಲದ ಆ ಸೀಮೆಯಲ್ಲಿ ‘ಸಿ’ ವಿಟಮಿನ್ ಸಿಗುವುದು ಅದರಿಂದಲೇ. ನಾಲ್ಕು ತಿಂಗಳ ಈ ಹಸಿವನ್ನು ಯಾವ ಸಾಹಸಚಿತ್ರ ತಾನೇ ತೋರಿಸೀತು? ಕಾಯುವುದು ಪರದೆಯ ಮೇಲೆ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲದು. ಆದರೆ ಮುಂದೆ ನಡೆದ ಪ್ರತಿಯೊಂದಕ್ಕೂ ಬುಡ ಇದು. ಹಸಿದರೂ ಕದಲದೆ ಕೂತವರು, ಊರಿನಿಂದ ಸುದ್ದಿ ತರಿಸಿ ಕಾವಲಿನ ಪಾಳಿ ಬದಲಾಗುವ ಹೊತ್ತನ್ನು ಗುರುತಿಟ್ಟುಕೊಂಡವರು ಇವರು.

1943ರ ಫೆಬ್ರವರಿ 16ರಂದು ಎರಡನೇ ತಂಡ ಇಳಿಯಿತು: ನಾಯಕ ಯೋಆಕಿಮ್ ರೊನ್ನೆಬರ್ಗ್, ಕ್ನೂಟ್ ಹೌಕೆಲಿಡ್, ಫ್ರೆಡ್ರಿಕ್ ಕೈಸರ್, ಕಾಸ್ಪರ್ ಇಡ್‌ಲಾಂಡ್, ಬಿರ್ಗರ್ ಸ್ಟ್ರೊಮ್ಸ್‌ಹೈಮ್, ಹಾನ್ಸ್ ಸ್ಟೂರ್‌ಹೌಗ್. ರೊನ್ನೆಬರ್ಗ್‌ಗೆ ಆಗ 23 ವರ್ಷ. ದಿನಗಟ್ಟಲೆ ಹಿಮಗಾಳಿ ಬೀಸಿ ಕಂಗೆಡಿಸಿದ ಮೇಲೆ ಎರಡು ತಂಡ ಕೂಡಿದವು.

ಒಳಹೋಗಲು ಮೂರು ದಾರಿ. ಒಂದು, ಕಮರಿಗೆ ಅಡ್ಡಲಾಗಿ ಇದ್ದ ತೂಗುಸೇತುವೆ: ಉದ್ದ ಸುಮಾರು 75 ಮೀಟರ್, ಮೇಲೆ ಜರ್ಮನ್ ಕಾವಲು. ಕಾವಲುಗಾರರನ್ನು ಮುಗಿಸಿದರೆ ಊರವರ ಮೇಲೆ ಸೇಡು ಖಂಡಿತ, ಸದ್ದಾದರೆ ಎಲ್ಲವೂ ಅಲ್ಲಿಗೇ ನಿಂತಿತು. ಎರಡು, ಮೇಲಿನಿಂದ ದೊಡ್ಡ ನೀರಿನ ಕೊಳವೆಗಳ ಪಕ್ಕದ ಇಳಿಜಾರು: ನೆಲಬಾಂಬು. ಮೂರು, ಸುಮಾರು 200 ಮೀಟರ್ ಆಳದ ಕಮರಿಗೇ ಇಳಿದು ಮೋನಾ ನದಿ ದಾಟಿ ಎದುರಿನ ಬಂಡೆ ಹತ್ತುವುದು. ಅಲ್ಲಿಂದ ಯಾರೂ ಬರಲಾರರೆಂದು ಜರ್ಮನರು ಕಾವಲೇ ಹಾಕಿರಲಿಲ್ಲ. ವಿಮಾನದಿಂದ ತೆಗೆದ ಫೋಟೊದಲ್ಲಿ ಬಂಡೆಯ ಬದಿಗೆ ಅಲ್ಲಲ್ಲಿ ಗಿಡಮರ ಕಂಡಿತ್ತು. ಮರ ಬೇರು ಬಿಟ್ಟ ಕಡೆ ಮನುಷ್ಯನ ಕಾಲಿಗೂ ಹಿಡಿತ ಸಿಕ್ಕೀತು ಎಂಬುದು ತರ್ಕ. ಹೆಲ್ಬರ್ಗ್ ಹಗಲಿನಲ್ಲಿ ಹೋಗಿ ನೋಡಿ ಬಂದ: ದಾರಿ ಇದೆ. ಹಿಮ ಕರಗುವ ಹವೆ ಶುರುವಾಗಿ ನದಿಯ ಮಂಜುಗಡ್ಡೆಯ ಮೇಲೆ ನೀರು ಹರಿಯುತ್ತಿತ್ತು. ಗಡ್ಡೆ ಇನ್ನೆರಡು ದಿನ ನಿಲ್ಲುತ್ತದೋ ಇಲ್ಲವೋ ಎಂಬಂತಿತ್ತು.

ಸಿನಿಮಾದ ಅತ್ಯುತ್ತಮ ಭಾಗ ಕಾರ್ಖಾನೆಯೊಳಗೆ ನುಸುಳುವ ಆ ಇಡೀ ದೃಶ್ಯಸರಣಿ. ಮಾತು ಕಡಿಮೆ, ಹಿಮ, ಬೂಟು, ಉಸಿರು. ಹಿಮದಲ್ಲಿ ಬೆಳೆದವರ ಕೈಕಾಲು ಹೇಗೆ ಆಡುತ್ತವೆ ಎಂಬುದನ್ನು ಕ್ಯಾಮೆರಾ ತಾಳ್ಮೆಯಿಂದ ನೋಡುತ್ತದೆ. ಮಾನ್ ಅದಕ್ಕೆ ಮುಂಚೆ ಅಮೆರಿಕದ ಪಶ್ಚಿಮದ ಬೆಟ್ಟಗುಡ್ಡಗಳಲ್ಲಿ ಕೌಬಾಯ್ ಚಿತ್ರ ಮಾಡಿ ಪಳಗಿದ್ದವರು. ನೆಲವನ್ನೇ ಪಾತ್ರ ಮಾಡಿಕೊಳ್ಳುವ ಆ ಅಭ್ಯಾಸ ಇಲ್ಲಿ ಕೈ ಹಿಡಿದಿದೆ. ನಿಜಘಟನೆಯ ಮೌನಕ್ಕೆ ಚಿತ್ರ ಹತ್ತಿರ ಬಂದ ಕಡೆಯಲ್ಲೇ ಎದೆ ಡವಗುಟ್ಟುತ್ತದೆ.

ನಿಜದಲ್ಲಿ ನಡೆದ ಕ್ರಮ ಹೀಗೆ. ಒಂಬತ್ತು ಜನ ಬ್ರಿಟಿಷ್ ಸೇನೆಯ ಸಮವಸ್ತ್ರದಲ್ಲೇ ಹೊರಟರು. ಇದು ಸೈನಿಕರ ಕೆಲಸ, ಊರವರದಲ್ಲ ಎಂದು ಜರ್ಮನರಿಗೆ ಗೊತ್ತಾಗಲಿ ಎಂಬುದಕ್ಕಾಗಿ. ಹೌಗ್‌ಲಾಂಡ್ ವೈರ್‌ಲೆಸ್ ಹತ್ತಿರ ಉಳಿದ. ಕಮರಿ ಇಳಿದು ಹತ್ತಿ, ಕಾರ್ಖಾನೆಗೆ ಸರಕು ತರುವ, ಅಪರೂಪಕ್ಕೆ ಬಳಕೆಯಾಗುತ್ತಿದ್ದ ರೈಲು ಹಳಿಯ ಮೇಲೆ ಬಂದರು. ನಡುರಾತ್ರಿ ಕಾವಲಿನ ಪಾಳಿ ಬದಲಾಗುವುದನ್ನು ನೋಡಿ, ಹೊಸಬರು ನೆಲೆಯೂರಲಿ ಎಂದು ಇನ್ನೂ ಅರ್ಧ ತಾಸು ಕಾದರು. ಟರ್ಬೈನುಗಳ ಗುಂಯ್‌ಗುಡುವ ಸದ್ದು ಹೆಜ್ಜೆಯ ಸಪ್ಪಳ ನುಂಗುತ್ತಿತ್ತು. ಬೇಲಿಯ ಗೇಟಿಗೆ ಸರಪಳಿ, ಬೀಗ. ಅದನ್ನು ಕತ್ತರಿಸಿದ ಇಕ್ಕಳವನ್ನು ರೊನ್ನೆಬರ್ಗ್ ಕೇಂಬ್ರಿಡ್ಜಿನ ಹಾರ್ಡ್‌ವೇರ್ ಅಂಗಡಿಯಲ್ಲಿ ತಾನೇ ಕೊಂಡಿದ್ದ. ಗರಗಸ ಉಜ್ಜಿದ್ದರೆ ಕಣಿವೆಗೆಲ್ಲ ಕೇಳುತ್ತಿತ್ತು. ಐದು ಜನ ಹೊರಗೆ ಹರಡಿಕೊಂಡರು, ಪೌಲ್ಸನ್ ಮತ್ತು ಹೌಕೆಲಿಡ್ ಜರ್ಮನರ ಕಾವಲುಮನೆಯ ಬಾಗಿಲಿಗೆ ಬಂದೂಕು ಗುರಿಯಿಟ್ಟು ಕೂತರು. ನಾಲ್ವರು ಒಳಕ್ಕೆ.

ಇಲ್ಲಿ ಎಡವಟ್ಟು ಶುರು. ನೆಲಮಾಳಿಗೆಯ ಬಾಗಿಲಿಗೆ ಬೀಗ. ನಾಲ್ವರೂ ಕತ್ತಲಲ್ಲಿ ಚದುರಿದರು. ರೊನ್ನೆಬರ್ಗ್‌ಗೂ ಕೈಸರ್‌ಗೂ ಬ್ರೂನ್ ಹೇಳಿದ್ದ ಕೇಬಲ್ ಸುರಂಗ ಸಿಕ್ಕಿತು. ಕೊಳವೆ, ತಂತಿಗಳ ಮೇಲೆ ಹೊಟ್ಟೆಯಲ್ಲಿ ತೆವಳಿ ಒಳಗಿಳಿದು ಕಾವಲುಗಾರನನ್ನು ಹಿಡಿದರು. ಉಳಿದಿಬ್ಬರಿಗೆ ಸುರಂಗ ಸಿಗಲಿಲ್ಲ. ಅವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲದೆ ರೊನ್ನೆಬರ್ಗ್ ಒಬ್ಬನೇ ಕಟ್ಟಲು ಶುರು ಮಾಡಿದ. ಅರ್ಧದಷ್ಟು ಮುಗಿದಿರುವಾಗ ಹಿಂದೆ ಕಿಟಕಿಯ ಗಾಜು ಒಡೆದ ಸದ್ದು: ಸ್ಟ್ರೊಮ್ಸ್‌ಹೈಮ್ ಮತ್ತು ಇಡ್‌ಲಾಂಡ್! ಕೈಸರ್ ಬಂದೂಕು ತಿರುಗಿಸಿದ್ದ. ಇನ್ನೊಂದು ಗಳಿಗೆ ತಡವಾಗಿದ್ದರೆ ತಮ್ಮವರನ್ನೇ ಹೊಡೆಯುತ್ತಿದ್ದ. ಗಾಜಿನ ಚೂರು ತೆಗೆಯುವಾಗ ರೊನ್ನೆಬರ್ಗ್ ಕೈ ಕುಯ್ದುಕೊಂಡ.

ಸ್ಫೋಟಕಗಳು ಕೋಶದ ಮೈಗೆ ಅಪ್ಪಿ ಕೂರುವಂತೆ ಮೊದಲೇ ಅಳತೆ ಮಾಡಿ ಸುರುಳಿ ಮಾಡಿದ್ದವು. ಅಣಕು ಕೋಣೆಯ ಅಭ್ಯಾಸ ಇಲ್ಲಿ ಫಲ ಕೊಟ್ಟಿತು: ಒಂದೂ ಹೊಂದದೆ ಹೋಗಲಿಲ್ಲ. ಯೋಜನೆಯಂತೆ ಬತ್ತಿ ಎರಡು ನಿಮಿಷದ್ದು. ರೊನ್ನೆಬರ್ಗ್ 30 ಸೆಕೆಂಡಿನದಕ್ಕೆ ಇಳಿಸಿದ. ಎರಡು ನಿಮಿಷವಿದ್ದರೆ ಮಧ್ಯೆ ಯಾರಾದರೂ ಬಂದು ಬತ್ತಿ ಕೀಳಬಹುದು. ಸ್ಫೋಟವಾಯಿತೆಂದು ಕಿವಿಯಾರೆ ಕೇಳಿಯೇ ಹೊರಡಬೇಕು ಎಂಬುದು ಅವನ ಲೆಕ್ಕ. ಆಗಲೇ ಆ ಕನ್ನಡಕದ ಪ್ರಸಂಗ. ಅದು ಮುಗಿಯುವಷ್ಟರಲ್ಲಿ ಮೆಟ್ಟಿಲಿಳಿದು ಇನ್ನೊಬ್ಬ ನಾರ್ವೆಯ ನೌಕರ ಬಂದು ಬೆಚ್ಚಿ ನಿಂತ. ಬತ್ತಿ ಹಚ್ಚಿ, ಇಬ್ಬರಿಗೂ ಮೇಲೆ ಓಡಿಹೋಗಿ ಮಲಗಿ, ಬಾಯಿ ತೆರೆದಿಟ್ಟುಕೊಳ್ಳಲು ಹೇಳಿದರು, ಕಿವಿಯ ತಮಟೆ ಹರಿಯದಿರಲಿ ಎಂದು. ಬ್ರಿಟಿಷ್ ಗುರುತಿನ ಬಂದೂಕೊಂದನ್ನು ಬೇಕೆಂದೇ ಬಿಟ್ಟು ಬಂದರು.

ಸ್ಫೋಟದ ಸದ್ದು? ಹೊರಗೆ ಕಾದವರಿಗೆ ನಿರಾಶೆಯಾಯಿತು. ದಪ್ಪ ಕಾಂಕ್ರೀಟ್ ಗೋಡೆ ನುಂಗಿ, ಬರೀ ಒಂದು ಗುದ್ದಿನಂತೆ ಕೇಳಿಸಿತು. ಕಾವಲುಮನೆಯಿಂದ ಒಬ್ಬ ಜರ್ಮನ್ ಸೈನಿಕ ಹೊರಬಂದ, ಕಟ್ಟಡದ ಬಾಗಿಲು ಅಲ್ಲಾಡಿಸಿ ನೋಡಿ ಒಳಗೆ ಹೋದ. ಮತ್ತೆ ಟಾರ್ಚು ಹಿಡಿದು ಬಂದು ನೆಲದ ಮೇಲೆ ಬೆಳಕಾಡಿಸಿದ. ಹಿಮ ಜಾರಿ ನೆಲಬಾಂಬು ಸಿಡಿದಿರಬೇಕೆಂದುಕೊಂಡನೋ ಏನೋ. ಪೌಲ್ಸನ್‌ನ ಬೆರಳು ಬಂದೂಕಿನ ಕುದುರೆಯ ಮೇಲಿತ್ತು, ಹೌಕೆಲಿಡ್ ತಡೆದ. ಬೆಳಕು ಇನ್ನೊಂದು ಗೇಣು ಮೇಲೆದ್ದಿದ್ದರೆ ಆ ಸೈನಿಕನೂ ಉಳಿಯುತ್ತಿರಲಿಲ್ಲ, ಈ ಪ್ರಕರಣವೂ ಇದೇ ಆಗಿರುತ್ತಿರಲಿಲ್ಲ. ಆತ ಬಾಗಿಲು ಹಾಕಿಕೊಂಡು ಒಳಗೆ ಹೋದ.

ಒಂದು ಸಾಹಸಚಿತ್ರದ ಪರಾಕಾಷ್ಠೆ ಇಷ್ಟಕ್ಕೆ ನಿಲ್ಲಬಹುದೇ? ಹಾಲಿವುಡ್ಡಿನ ಹಣ ಹಾಕಿದವರು ಒಪ್ಪುತ್ತಿರಲಿಲ್ಲ. ಹಾಗಾಗಿ ಚಿತ್ರದ ಒಟ್ಟು ಕತೆಯಲ್ಲಿ ಗುಂಡಿನ ಸದ್ದು ಧಾರಾಳ. ಅದರ ಮೇಲೆ ಪೆಡರ್ಸನ್‌ಗೆ ಒಬ್ಬಳು ಮಾಜಿ ಹೆಂಡತಿ ಅನ್ನಾ. ಅವಳ ಮನೆಯಲ್ಲೇ ಆಸರೆ, ಹಳೆಯ ಪ್ರೀತಿಯ ಮರುಹುಟ್ಟು. ಉಲ್ಲಾ ಯಾಕೋಬ್ಸನ್ ಚೆನ್ನಾಗಿಯೇ ಮಾಡಿದ್ದಾರೆ, ಆದರೆ ಅವರು ಬಂದಾಗಲೆಲ್ಲ ಗಡಿಯಾರ ನಿಲ್ಲುತ್ತದೆ. 1948ರಲ್ಲೇ ನಾರ್ವೆ ಮತ್ತು ಫ್ರಾನ್ಸ್ ಸೇರಿ ಇದೇ ಘಟನೆಯ ಮೇಲೆ ಚಿತ್ರ ಮಾಡಿದ್ದವು. ಅದರಲ್ಲಿ ಕಾರ್ಯಾಚರಣೆಯ ಹಲವರು ತಮ್ಮ ಪಾತ್ರ ತಾವೇ ಮಾಡಿದ್ದಾರೆ. ನಟನೆ ಎಂದು ಕರೆಯಲಾಗದು, ಆದರೆ ಸ್ಕೀ ಕಟ್ಟುವ, ಹೊರೆ ಏರಿಸುವ ಆ ಕೈಗಳ ಸಲೀಸುತನವನ್ನು ಕರ್ಕ್ ಡಗ್ಲಸ್ ಎಷ್ಟು ಸಂಬಳಕ್ಕೂ ತರಲಾರ.

ಪಾರಾದ ಬಗೆಯೂ ಅಷ್ಟೇ ಸೀದಾ. ಮತ್ತೆ ಕಮರಿ ಇಳಿದು, ಸೈರನ್ ಕೂಗುವ ಹೊತ್ತಿಗೆ ಎದುರು ದಡ ಸೇರಿ, ಆ ಕೇಬಲ್ ಕಾರಿನ ಕೆಳಗಿನ ಅಂಕುಡೊಂಕು ದಾರಿಯಲ್ಲಿ ಬೆಟ್ಟ ಏರಿದರು. ಕೇಬಲ್ ಕಾರನ್ನೇ ಹತ್ತಿ ಜರ್ಮನರು ಮೇಲೆ ಬಂದು ಕಾದಿದ್ದರೆ ಎಲ್ಲರೂ ಬಲೆಗೆ ಬೀಳುತ್ತಿದ್ದರು. ಅದು ಯಾರಿಗೂ ಹೊಳೆಯಲಿಲ್ಲ. ಐವರು ಸಮವಸ್ತ್ರದಲ್ಲೇ 400 ಕಿಲೋಮೀಟರಿಗೂ ಹೆಚ್ಚು ದೂರ ಸ್ಕೀ ಮಾಡಿ ಮಾರ್ಚಿನಲ್ಲಿ ಸ್ವೀಡನ್ ಗಡಿ ದಾಟಿದರು. ಉಳಿದವರು ಬೆಟ್ಟದಲ್ಲೇ ಚದುರಿದರು. ಸಾವಿರಾರು ಸೈನಿಕರು ಪ್ರಸ್ಥಭೂಮಿಯನ್ನು ಜಾಲಾಡಿದರೂ ಒಬ್ಬನೂ ಸಿಗಲಿಲ್ಲ. ನಾರ್ವೆಯಲ್ಲಿದ್ದ ಜರ್ಮನ್ ಸೇನಾಪತಿ ಫಾಲ್ಕನ್‌ಹೋರ್ಸ್ಟ್ ಸ್ಥಳಕ್ಕೆ ಬಂದು ನೋಡಿ, ಈ ಯುದ್ಧದಲ್ಲಿ ತಾನು ಕಂಡ ಅತ್ಯಂತ ಅಚ್ಚುಕಟ್ಟಿನ ದಾಳಿ ಇದು ಎಂಬರ್ಥದ ಮಾತಾಡಿದ. ಸಮವಸ್ತ್ರದ ಉಪಾಯ ಫಲಿಸಿತು, ಊರವರ ಸಾಮೂಹಿಕ ಕೊಲೆ ನಡೆಯಲಿಲ್ಲ.

ಬೆನ್ನಟ್ಟುವ ದೃಶ್ಯವೇ ಬೇಕಿದ್ದರೆ ಹೆಲ್ಬರ್ಗ್‌ನ ಕತೆ ಇತ್ತು. ಕೆಲ ವಾರದ ಮೇಲೆ ಬೆಟ್ಟದಲ್ಲಿ ಜರ್ಮನ್ ಸ್ಕೀ ಸೈನಿಕನೊಬ್ಬ ಅವನ ಬೆನ್ನು ಬಿದ್ದ. ಗಂಟೆಗಟ್ಟಲೆ ಓಟ. ಇಬ್ಬರ ಕೈಯಲ್ಲೂ ಪಿಸ್ತೂಲು ಮಾತ್ರ. ಹೆಲ್ಬರ್ಗ್ ತಿರುಗಿ ನಿಂತು, ಮೊದಲು ಎದುರಾಳಿಯ ಗುಂಡು ಖಾಲಿಯಾಗಲು ಬಿಟ್ಟ, ಆಮೇಲೆ ತಾನು ಹೊಡೆದ. ಅದೇ ರಾತ್ರಿ ಕತ್ತಲಲ್ಲಿ ಬಂಡೆಯಿಂದ ಬಿದ್ದು ತೋಳು ಮುರಿದುಕೊಂಡ. ಜರ್ಮನರ ಕಡೆಯವನೆಂದು ನಟಿಸಿ ಅವರ ಡಾಕ್ಟರಿಂದಲೇ ಪಟ್ಟಿ ಕಟ್ಟಿಸಿಕೊಂಡು ಹೋಟೆಲ್ ಸೇರಿದರೆ, ನಾರ್ವೆಯನ್ನಾಳುತ್ತಿದ್ದ ನಾತ್ಸಿ ಅಧಿಕಾರಿ ಟೆರ್ಬೋವನ್ನನೇ ಅಲ್ಲಿಗೆ ಬಂದಿಳಿದ! ಬಂಧಿತರ ಬಸ್ಸಿನಿಂದ ಹಾರಿ ಹೆಲ್ಬರ್ಗ್ ತಪ್ಪಿಸಿಕೊಂಡ. ನಿಜ ಇಷ್ಟು ಅತಿಯಾಗಿದ್ದರೆ ಸಿನಿಮಾದವರು ಕೈಯಿಡಲು ಹೆದರಿದ್ದಾರು.

ದಾಳಿ ಗೆದ್ದಿತು, ಆದರೆ ಕೆಲಸ ಮುಗಿಯಲಿಲ್ಲ. ಸುಮಾರು 500 ಕಿಲೋ ಭಾರಜಲ ಹೋಯಿತು, ಕೆಲ ತಿಂಗಳು ಉತ್ಪಾದನೆ ನಿಂತಿತು. ಜರ್ಮನರು ಕೋಶ ಮರಳಿ ಕಟ್ಟಿದರು. ನವೆಂಬರ್ 16ರಂದು ಅಮೆರಿಕದ 140ಕ್ಕೂ ಹೆಚ್ಚು ಬಿ-17 ವಿಮಾನಗಳು ಬಾಂಬು ಸುರಿದವು. ನೆಲಮಾಳಿಗೆಯ ಕೋಶಗಳಿಗೆ ಏನೂ ಆಗಲಿಲ್ಲ, ಇಪ್ಪತ್ತಕ್ಕೂ ಹೆಚ್ಚು ನಾಗರಿಕರು ಸತ್ತರು. ಮೌನದಲ್ಲಿ ನಾಲ್ವರು ಮಾಡಿದ್ದನ್ನು ಸದ್ದಿನಲ್ಲಿ ನೂರಾರು ವಿಮಾನ ಮಾಡಲಾಗಲಿಲ್ಲ. ಆದರೂ ಇನ್ನೊಂದು ದಾಳಿಗೆ ಹೆದರಿ ಜರ್ಮನರು ಉಳಿದ ಭಾರಜಲವನ್ನು ಪೀಪಾಯಿಗಳಲ್ಲಿ ತುಂಬಿ ಜರ್ಮನಿಗೆ ಸಾಗಿಸಲು ಹೊರಟರು. ದಾರಿಯಲ್ಲಿ ಟಿನ್‌ಶೋ ಸರೋವರ. ರೈಲು ಡಬ್ಬಿಗಳನ್ನು ಹೊತ್ತು ದಾಟಿಸುವ ‘ಹೈಡ್ರೊ’ ಎಂಬ ಹಡಗು.

ಹೌಕೆಲಿಡ್ ಇನ್ನೂ ಬೆಟ್ಟದಲ್ಲೇ ಇದ್ದ. ಜೊತೆಗೆ ಸ್ಥಳೀಯರಾದ ರೋಲ್ಫ್ ಸೋರ್ಲಿ ಮತ್ತು ಕ್ನೂಟ್ ಲಿಯರ್-ಹಾನ್ಸನ್. ಭಾನುವಾರ ಬೆಳಗಿನ ಹಡಗು ಆಯ್ದದ್ದು ಅಂದು ಜನ ಕಡಿಮೆ ಎಂದು. ಶನಿವಾರ ರಾತ್ರಿ ಹಡಗಿನೊಳಗೆ ಇಳಿದಾಗ ಕಾವಲಿನವ ಕಂಡ. ನಾತ್ಸಿ ಗುಪ್ತ ಪೊಲೀಸರಾದ ಗೆಸ್ಟಾಪೊದಿಂದ ತಲೆಮರೆಸಿಕೊಂಡಿದ್ದೇವೆ ಎಂದು ನಂಬಿಸಿದರು, ಅವನು ಬಿಟ್ಟ. ಎಂಟು ಕಿಲೋ ಚಿಲ್ಲರೆ ಪ್ಲಾಸ್ಟಿಕ್ ಸ್ಫೋಟಕವನ್ನು ಹಡಗಿನ ಮೂತಿಯ ತಳದಲ್ಲಿ ಇಟ್ಟರು. ಮೂತಿಯೇ ಯಾಕೆ? ಮುಂಭಾಗ ಮುಳುಗಿದರೆ ಹಿಂದೆ ಚುಕ್ಕಾಣಿಯೂ ಪ್ರೊಪೆಲ್ಲರೂ ನೀರಿನಿಂದ ಮೇಲೇಳುತ್ತವೆ. ಕ್ಯಾಪ್ಟನ್ ದಡಕ್ಕೆ ಓಡಿಸಲಾರ. ಸಮಯಕ್ಕೆ ಎರಡು ಅಲಾರಂ ಗಡಿಯಾರ. ಬೆಳಗ್ಗೆ 10:45ಕ್ಕೆ ಹಡಗು ಸರೋವರದ ಅತಿ ಆಳದ ಕಡೆ ಇರುತ್ತದೆ. ತೂತು ತೀರಾ ದೊಡ್ಡದಾಗಬಾರದು, ಬದುಕಿ ಈಜಲು ಜನರಿಗೆ ನಾಲ್ಕು ನಿಮಿಷವಾದರೂ ಸಿಗಬೇಕು. ತೀರಾ ಚಿಕ್ಕದಾದರೆ ದಡ ಸೇರಿಬಿಡುತ್ತದೆ. ಆ ಎರಡರ ನಡುವೆ ಲೆಕ್ಕ ಹಾಕಿದ್ದು ಹೌಕೆಲಿಡ್.

1944ರ ಫೆಬ್ರವರಿ 20. ಹಡಗು ಹೇಳಿದ ಹೊತ್ತಿಗೆ ಸರಿಯಾಗಿ ಒಡೆದು ಮುಳುಗಿತು. 14 ನಾರ್ವೆಯವರು, 4 ಜರ್ಮನರು ಸತ್ತರು. ಪ್ರಯಾಣಿಕರಿಗೆ ಮುಂಚೆ ಸುಳಿವು ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಸರಕು ಬೇರೆ ದಾರಿ ಹಿಡಿಯುತ್ತಿತ್ತು. ಲಂಡನ್ನಿಗೆ ಕೇಳಿದ್ದರು, ಇಷ್ಟಕ್ಕೂ ಇದು ಬೇಕೇ ಎಂದು. ಬೇಕು ಎಂದು ಉತ್ತರ ಬಂದಿತ್ತು.

ಸಿನಿಮಾ ಈ ಕಡೆಯಲ್ಲಿ ಕಣ್ಣು ತಪ್ಪಿಸಿತು. ಪರಿಚಯದ ಹೆಂಗಸೊಬ್ಬಳು ಮಗುವಿನ ಜೊತೆ ಹಡಗೇರುವುದನ್ನು ಕಂಡು ಪೆಡರ್ಸನ್ ತಾನೂ ಹತ್ತುತ್ತಾನೆ, ಆಟದ ನೆಪ ಮಾಡಿ ಮಕ್ಕಳನ್ನೆಲ್ಲ ಹಡಗಿನ ಹಿಂಬದಿಗೆ ಸೇರಿಸುತ್ತಾನೆ. ಸ್ಫೋಟವಾದಾಗ ಅವರು ಉಳಿಯುತ್ತಾರೆ, ನೋಡುಗ ನಿಟ್ಟುಸಿರು ಬಿಡುತ್ತಾನೆ. ಕೌಶಲದಿಂದ ಕಟ್ಟಿದ ದೃಶ್ಯ, ಉಸಿರು ಬಿಗಿ ಹಿಡಿಸುತ್ತದೆ. ಆದರೆ ಆ ಭಾನುವಾರ ಬೆಳಗ್ಗೆ ಹಡಗಿನಲ್ಲಿ ಹಾಗೆ ಉಳಿಸುವವರು ಯಾರೂ ಇರಲಿಲ್ಲ. ಹೌಕೆಲಿಡ್ ಆ ಹೊತ್ತಿಗೆ ಊರು ಬಿಟ್ಟು ಸ್ವೀಡನ್ ದಾರಿ ಹಿಡಿದಿದ್ದ. ಅರೆ ತುಂಬಿದ ಕೆಲವು ಪೀಪಾಯಿ ನೀರಿನ ಮೇಲೆ ತೇಲಿದವು, ಉಳಿದವು ಹಡಗಿನ ಜೊತೆ ತಳ ಸೇರಿದವು. 2004ರಲ್ಲಿ ಸುಮಾರು 430 ಮೀಟರ್ ಆಳದಿಂದ 26 ಎಂಬ ಸಂಖ್ಯೆಯ ಪೀಪಾಯಿಯೊಂದನ್ನು ಮೇಲೆತ್ತಿ ಪರೀಕ್ಷಿಸಿದರು. ಒಳಗೆ ಶೇಕಡಾ ಒಂದರಷ್ಟು ಭಾರಜಲ ಇತ್ತು, ಕಾರ್ಖಾನೆಯ ಪಟ್ಟಿಯಲ್ಲಿ ಬರೆದಿದ್ದ ಪ್ರಮಾಣಕ್ಕೆ ತಾಳೆಯಾಯಿತು.